ಗ್ಯಾಸು ಏಳ್ತದೆ ಸಾ

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲಕ್ಕೆ, ಎರಡು ತೂತುಗಳಿವೆ. ಪುಟ್ಟಿ ಮೆತ್ತಿ ಮುಚ್ಚಿದ್ದೇವೆ. ಆದರೆ ಗೋಡೆ ಕೆನೆ ಬಣ್ಣದ್ದು, ಪುಟ್ಟಿ ಅಚ್ಚ ಬಿಳಿ. ಹಾಗಾಗಿ ಮುಚ್ಚಿದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತವೆ. ಮನೆಗೆ ಬಂದವರು ಕಾಫಿ ಲೋಟ ಇಡೋಕೆ ಅಂತ ಒಳಗೆ ಬಂದಾಗ "ಇಲಿ ಕಾಟವಾ?" ಅಂತ ಕೇಳುತ್ತಾರೆ. ಸ್ವಲ್ಪ ತಿಳಿದವರು "ಇಲ್ಲಿ ಪ್ಲಗ್ ಪಾಯಿಂಟ್ ಇತ್ತಾ ಸಾರ್?" ಅನ್ನುತ್ತಾರೆ. ನನ್ನ ಹೆಂಡತಿ ಸುಮಿತ್ರ ಮಾತ್ರ ಒಲೆಯ ಕಡೆಗೇ ಮುಖ ಮಾಡಿಕೊಂಡು, "ಅದು ನಮ್ಮನೆಯವರ ಪಾಂಡಿತ್ಯ" ಅನ್ನುತ್ತಾಳೆ.

ಅವಳು ಹೇಳುವುದು ಸುಳ್ಳಲ್ಲ. ನಮ್ಮದು ಮೂವತ್ತೆರಡು ಮನೆಗಳ ಅಪಾರ್ಟ್‌ಮೆಂಟು. ಮೂವತ್ತೆರಡು ಅಡುಗೆಮನೆಗಳಲ್ಲೂ, ನೆಲದಿಂದ ಅದೇ ಒಂದು ಗೇಣು ಮೇಲೆ, ಅವೇ ಎರಡು ತೂತು. ಮೂವತ್ತೊಂದು ವರ್ಷ ಸೋಲದೇವನಹಳ್ಳಿಯ ಕಡೆಯ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದೆನಲ್ಲ, ಅದರ ಒಟ್ಟು ಫಲ ಏನು ಅಂತ ಯಾರಾದರೂ ಕೇಳಿದರೆ ಬೆರಳು ಮಾಡಿ ತೋರಿಸಬಹುದಾದದ್ದು ಈ ಅರವತ್ತನಾಲ್ಕು ತೂತುಗಳು ಮಾತ್ರ. ಮಿಕ್ಕದ್ದನ್ನೆಲ್ಲ ಮಕ್ಕಳು ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತಿರುತ್ತಾರೆ.

ಈ ಅಪಾರ್ಟ್‌ಮೆಂಟಿನ ಹೆಸರಿನಲ್ಲೊಂದು ಕೆರೆ ಇದೆ. ಕೆರೆ ನೋಡಬೇಕು ಅಂದರೆ ಟೆರೇಸಿನ ನೀರಿನ ಟ್ಯಾಂಕಿನ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು, ಮಂಜಿಲ್ಲದ ದಿನ ಹೆಬ್ಬಾಳದ ಕಡೆ ಕಣ್ಣು ಕಿರಿದು ಮಾಡಬೇಕು. ಇರುವುದು ಕೊಡಿಗೇಹಳ್ಳಿಯಲ್ಲಿ. ನಾನು ಹುಟ್ಟಿದ್ದೂ ಕೊಡಿಗೇಹಳ್ಳಿಯಲ್ಲೇ, ಇಲ್ಲಿಂದ ಎರಡು ಫರ್ಲಾಂಗು. ಆಗ ಅದು ನಿಜವಾಗಿಯೂ ಹಳ್ಳಿ. ಈಗ ಹಳ್ಳಿ ಅನ್ನುವುದು ಹೆಸರಿನ ಬಾಲದಲ್ಲಿ ಮಾತ್ರ ಉಳಿದಿದೆ. ಏರ್‌ಪೋರ್ಟಿಗೆ ಹೋಗುವವರು ನಮ್ಮೂರನ್ನು ಒಂದು ಸಿಗ್ನಲ್ಲು ಅಂತ ತಿಳಿದಿದ್ದಾರೆ. ಅವರದೇನೂ ತಪ್ಪಿಲ್ಲ ಬಿಡಿ, ಅವರು ನೋಡುವುದು ಅಷ್ಟೇ.

ಹಳ್ಳಿಯ ಮಾತು ಬಂದಿದ್ದರಿಂದ ಹಕಾರದ ಮಾತೂ ಬರಲೇಬೇಕು. ನಮ್ಮ ಕಡೆ ಹಕಾರ ಇರಲಿಲ್ಲ. ಹಸು ಇತ್ತು, ಆದರೆ ಅದು ಅಸು. ಹಾಲು ಕೊಡುತ್ತಿತ್ತು, ಅದು ಆಲು. ಹೂವು ಊವು, ಹೆಸರು ಎಸ್ರು, ಹೀಗೆ ಅನ್ನುವುದು ಇಂಗೆ. ಅದಿಲ್ಲದೆ ಯಾವ ತೊಂದರೆಯೂ ಆಗಿರಲಿಲ್ಲ. ಆಲು ಕುಡಿದೇ ನಾವೆಲ್ಲ ಗಟ್ಟಿಯಾದೆವು. ತೊಂದರೆ ಶುರುವಾದದ್ದು ಸ್ಕೂಲಿಗೆ ಹೊನ್ನಪ್ಪ ಮೇಷ್ಟ್ರು ಬಂದ ಮೇಲೆ. ಮೊದಲ ದಿನ ನಾವೆಲ್ಲ ಎದ್ದು ನಿಂತು ಒಕ್ಕೊರಲಿನಿಂದ "ನಮಸ್ಕಾರ ಒನ್ನಪ್ಪ ಮೇಷ್ಟ್ರೇ" ಅಂದೆವು. ಅಷ್ಟೇ. ಅವರು ಆ ಊರಿನಲ್ಲಿ ಇದ್ದಷ್ಟು ದಿನವೂ ತಮ್ಮ ಹೆಸರಿನ ಮೊದಲ ಅಕ್ಷರವನ್ನು ವಾಪಸು ಪಡೆಯುವುದಕ್ಕೇ ಹೋರಾಡಿದರು.

ಅವರದೊಂದು ಪ್ರಯೋಗವಿತ್ತು. ನಮ್ಮ ಅಂಗೈ ಮೇಲೆ ಸೀಮೆಸುಣ್ಣದ ಪುಡಿ ಉದುರಿಸುತ್ತಿದ್ದರು. ಬಾಯಿಯ ಹತ್ತಿರ ಹಿಡಿದು "ಹಾಲು" ಅನ್ನಬೇಕು. ಪುಡಿ ಹಾರಿದರೆ ಪಾಸು. ಪುಡಿ ಅಲ್ಲೇ ಕೂತಿದ್ದರೆ ಅದೇ ಅಂಗೈಗೆ ರೂಲುದೊಣ್ಣೆ. ಇಡೀ ತರಗತಿಯಲ್ಲಿ ಮೊದಲು ಪುಡಿ ಹಾರಿಸಿದವನು ನಾನು. ಮೇಷ್ಟ್ರ ಕನ್ನಡಕದ ಮೇಲೆಲ್ಲ ಹಾರಿತು. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ನೀನು ಉದ್ಧಾರ ಆಗ್ತೀಯ ಕಣೋ" ಅಂದರು.

ಉದ್ಧಾರದ ಉತ್ಸಾಹದಲ್ಲಿ ನನಗೆ ಹಕಾರ ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು ಅನ್ನುವುದು ತಿಳಿಯದೆ ಹೋಯಿತು. ಇಲ್ಲದಿದ್ದಕ್ಕಿಂತ ಇದ್ದರೆ ಒಳ್ಳೆಯದು ಅಂತ ಎಲ್ಲ ಕಡೆಗೂ ಹಚ್ಚಿದೆ. ಅಂಗಡಿಗೆ ಹೋಗಿ "ಎರಡು ಸೇರು ಹಕ್ಕಿ ಕೊಡಿ" ಅಂದೆ. ಅಂಗಡಿಯವನು ತಕ್ಕಡಿ ಕೆಳಗಿಟ್ಟು, "ಗೂಡು ತಂದಿದ್ದೀಯೇನಪ್ಪ?" ಅಂದ. ಮನೆಗೆ ಬಂದ ಶ್ಯಾನುಭೋಗರಿಗೆ "ಹಪ್ಪ ಹೂರಲ್ಲಿಲ್ಲ" ಅಂತ ಹೇಳಿ ಕಳಿಸಿದೆ. ನಗಬೇಡಿ. ಆ ಚಾಳಿ ನನ್ನ ಬಾಯಿಂದ ಹೋಯಿತೇ ಹೊರತು ಕಿವಿಯಿಂದ ಹೋಗಲಿಲ್ಲ. ಇವತ್ತಿಗೂ ನಮ್ಮೂರಿನ ಕಡೆಯವರು ಯಾರಾದರೂ ಸ್ವರಾಕ್ಷರದಿಂದ ಮಾತು ಶುರು ಮಾಡಿದರೆ, ನನ್ನ ಕಿವಿ ನನ್ನನ್ನು ಕೇಳದೆಯೇ ಅದರ ಹಿಂದೊಂದು ಹಕಾರ ಅಂಟಿಸಿಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮವ್ವನಿಗೂ ಹಕಾರ ಬರುತ್ತಿರಲಿಲ್ಲ. ನನ್ನ ಹೆಸರು ಹನುಮಂತರಾಯಪ್ಪ. ಅವಳಿಗೆ ನಾನು ಅನ್ಮಂತ. ಹಿತ್ತಲಿನಿಂದ "ಅನ್ಮಂತಾ" ಅಂತ ಕೂಗಿದರೆ ಊರ ಕೊನೆಯ ಗುಂಡುತೋಪಿನವರೆಗೆ ಕೇಳುತ್ತಿತ್ತು. ಕಾಲೇಜಿನಲ್ಲಿ ಕೆಲಸ ಸಿಕ್ಕಿದ ಹೊಸತರಲ್ಲಿ ನಾಲ್ಕು ಜನ ಸಹೋದ್ಯೋಗಿಗಳು ಮನೆಗೆ ಬಂದರು. ಅವ್ವ ಸೆರಗು ಸರಿ ಮಾಡಿಕೊಂಡು ಬಂದು, "ನಮ್ ಅನ್ಮಂತನ ಜೊತೇಲಿ ಕೆಲ್ಸ ಮಾಡೋರಾ ಸಾಮಿ? ಆಲು ಕಾಯ್ಸಿದೀನಿ, ಕುಡೀರಿ" ಅಂದಳು. ನಾನು ಎಲ್ಲರೆದುರಿಗೇ, ತರಗತಿಯ ದನಿಯಲ್ಲಿ, "ಅನ್ಮಂತ ಅಲ್ಲಮ್ಮ, ಹನುಮಂತ. ಆಲು ಅಲ್ಲ, ಹಾಲು" ಅಂದೆ. ಬಂದವರು ನಕ್ಕರು. ಅವ್ವನೂ ನಕ್ಕಳು. ಅವತ್ತಿನಿಂದ ಅವಳು ಸಾಯುವವರೆಗೆ, ಇಪ್ಪತ್ತು ವರ್ಷಕ್ಕೂ ಹೆಚ್ಚು, ನನ್ನೆದುರಿಗೆ ಒಂದೇ ಒಂದು ಹಕಾರವನ್ನೂ ತಪ್ಪಾಗಿ ಉಚ್ಚರಿಸಲಿಲ್ಲ. ಅವ್ವನನ್ನೂ ತಿದ್ದಿದವನು ನಾನು ಅಂತ ಬಹಳ ಜನರ ಹತ್ತಿರ ಹೇಳಿಕೊಂಡಿದ್ದೇನೆ.

ಇನ್ನು ಪಾಠದ ವಿಷಯ. ಗ್ಯಾಸಿನ ತೂಕ ಕಂಡುಹಿಡಿಯುವುದು ಹೇಗೆ ಅಂತ ನಿಮಗೂ ಯಾರೋ ಒಮ್ಮೆ ಹೇಳಿಕೊಟ್ಟಿರುತ್ತಾರೆ. ಬೆಲ್ಲದ ಹಾಗೆ ತಕ್ಕಡಿಗೆ ಹಾಕಿ ತೂಗುವುದು ಕಷ್ಟ. ಅದಕ್ಕೇ ಹೋಲಿಸಿ ನೋಡುತ್ತಾರೆ. ಒಂದು ಡಬ್ಬದ ತುಂಬ ಈ ಅನಿಲ, ಅಷ್ಟೇ ದೊಡ್ಡ ಇನ್ನೊಂದು ಡಬ್ಬದ ತುಂಬ ಹೈಡ್ರೋಜನ್. ಇದು ಅದಕ್ಕಿಂತ ಎಷ್ಟು ಪಟ್ಟು ಭಾರ? ಅದೇ ಸಾಪೇಕ್ಷ ಸಾಂದ್ರತೆ. ಹೈಡ್ರೋಜನ್ನಿನ ಅಣುತೂಕ ಎರಡು. ಆದ್ದರಿಂದ ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ನಿಮ್ಮ ಅನಿಲದ ಅಣುತೂಕ ಸಿಕ್ಕಿತು. ಹೈಡ್ರೋಜನ್ ಬದಲು ಗಾಳಿಗೆ ಹೋಲಿಸಿದ್ದರೆ ಎರಡರ ಜಾಗದಲ್ಲಿ ಇಪ್ಪತ್ತೊಂಬತ್ತು. ಯಾಕಂದರೆ ಗಾಳಿಯ ಸರಾಸರಿ ತೂಕ ಅಷ್ಟು. ಇಷ್ಟೇ ಪಾಠ.

ಹೋಲಿಸಿ ನೋಡುವ ವಿದ್ಯೆಯನ್ನು ನಮ್ಮ ಜನಕ್ಕೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಮದುವೆಮನೆಗೆ ಹೋಗಿ ನೋಡಿ. ಊಟದ ಎಲೆ ಹಾಕುವಷ್ಟರಲ್ಲಿ "ನಿನಗಿಂತ ನಿನ್ನ ತಮ್ಮನೇ ವಾಸಿ ಕಣೋ" ಅಂತ ಯಾವುದಾದರೂ ಅತ್ತೆ ನಮ್ಮನ್ನು ತೂಗಿ ಮುಗಿಸಿರುತ್ತಾಳೆ. ಆದರೆ ಒಂದು ಮಾತು ಒಪ್ಪಬೇಕು. ಅತ್ತೆಯಂದಿರು ಯಾರಿಗೆ ಹೋಲಿಸುತ್ತಿದ್ದೇವೆ ಅನ್ನುವುದನ್ನು ಬಿಡದೆ ಹೇಳುತ್ತಾರೆ. ನಾನು ಅದನ್ನು ಬಿಟ್ಟೆ. "ರಿಲೇಟಿವ್ ಡೆನ್ಸಿಟಿ ಇಂಟು ಟೂ, ಬರ್ಕೊಳ್ಳಿ" ಅಂತ ಮೂವತ್ತೊಂದು ವರ್ಷ ಹೇಳಿದೆ. ಒಂದು ಹುಡುಗಿ ಒಮ್ಮೆ ಎದ್ದು, "ಯಾವುದಕ್ಕೆ ರಿಲೇಟಿವ್ ಸಾರ್?" ಅಂದಳು. "ಅದು ಎಕ್ಸಾಮಿಗೆ ಬರಲ್ಲ, ಕೂತ್ಕೋ" ಅಂದೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಎಕ್ಸಾಮಿಗೆ ಬರಲೂ ಇಲ್ಲ.

ಹೀಗಿರುವಾಗ ನಮ್ಮ ಬೀದಿಗೆ ಪೈಪ್ ಗ್ಯಾಸು ಬಂತು. ರಸ್ತೆ ಅಗೆದರು, ಮುಚ್ಚಿದರು, ಏನೋ ಮರೆತರು ಅಂತ ಮತ್ತೆ ಅಗೆದರು. ಕೊನೆಗೊಂದು ದಿನ ಸಿಲಿಂಡರುಗಳಿಗೆಲ್ಲ ವಿದಾಯ ಹೇಳಿ, ಗೋಡೆಯ ಹಳದಿ ಪೈಪಿನಿಂದ ಒಲೆ ಹೊತ್ತಿಸಿದೆವು. ಗ್ಯಾಸು ಸೋರಿದರೆ ಕೂಗುವ ಡಿಟೆಕ್ಟರನ್ನು ಎಲ್ಲ ಮನೆಗೂ ಹಾಕಿಸೋಣ ಅಂತ ಅಸೋಸಿಯೇಷನ್ನಿನವರು ಒಟ್ಟಿಗೇ ತರಿಸಿದರು. ಅದನ್ನು ಗೋಡೆಯ ಮೇಲ್ಗಡೆ ಹಾಕಬೇಕಾ, ಕೆಳಗಡೆ ಹಾಕಬೇಕಾ ಅಂತ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನ ಜಗಳ ಆಯಿತು. ಮೇಲೆ ಅಂದವರು ಕೆಳಗೆ ಅಂದವರಿಗೆ ಗುಡ್ ಮಾರ್ನಿಂಗ್ ಕಳಿಸುವುದನ್ನೇ ನಿಲ್ಲಿಸಿದರು. ಡಬ್ಬದ ಒಳಗೆ ಒಂದು ಚೀಟಿ ಇತ್ತು. ಯಾರೂ ಓದಲಿಲ್ಲ. ನಾನೂ ಓದಲಿಲ್ಲ. ಕೆಮಿಸ್ಟ್ರಿ ಮೇಷ್ಟ್ರು ಚೀಟಿ ನೋಡಿ ಉತ್ತರ ಹೇಳುವುದೇ? ಛೆ.

ನಮ್ಮ ಸೆಕ್ರೆಟರಿ ಕುಲಕರ್ಣಿ. ಧಾರವಾಡದ ಕಡೆಯವರು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಅವರೇ ಮನೆಗೆ ಬಂದು, "ಸರ, ನೀವ ಬಂದು ನಾಕು ಮಾತು ಹೇಳ್ರಿ. ನೀವು ಹೇಳಿದ್ರ ಯಾರೂ ಎದುರು ಮಾತಾಡಂಗಿಲ್ಲ" ಅಂದರು. ರಿಟೈರಾಗಿ ಆರು ವರ್ಷದಿಂದ ನನ್ನೆದುರು ಯಾರೂ ಸಾಲಾಗಿ ಕೂತಿರಲಿಲ್ಲ. ಭಾನುವಾರ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತರು. ಮೈಕೂ ಇತ್ತು. ಇನ್ನೇನು ಬೇಕು?

"ಇದು ಮೀಥೇನ್" ಅಂದೆ. "ಅಣುತೂಕ ಹದಿನಾರು. ಅಣುತೂಕಕ್ಕೂ ಸಾಪೇಕ್ಷ ಸಾಂದ್ರತೆಗೂ ಎರಡರ ಸಂಬಂಧ. ಎರಡರಿಂದ ಭಾಗಿಸಿ. ಎಷ್ಟು ಬಂತು?"

ಮುಂದಿನ ಸಾಲಿನವರು "ಎಂಟು" ಅಂದರು.

"ಜೋರಾಗಿ!"

"ಎಂಟು!"

"ಸಾಪೇಕ್ಷ ಸಾಂದ್ರತೆ ಎಂಟು. ಅಂದರೆ ಎಂಟು ಪಟ್ಟು ಭಾರ" ಅಂದೆ.

"ಎಂಟು ಪಟ್ಟರೀ?" ಕುಲಕರ್ಣಿಯವರು ಕಣ್ಣರಳಿಸಿದರು. "ಹಂಗಾರ ನೆಲಕ್ಕ ಕುಂದರತದಲ್ರೀ ಸರ!"

"ಕೂತೇ ಕೂರುತ್ತೆ. ಡಿಟೆಕ್ಟರ್ ಕೆಳಗೆ ಹಾಕಿಸಿ."

ಚಪ್ಪಾಳೆ ಬಿತ್ತು. ಎಂಟು ಪಟ್ಟು ಅಂದರೆ ಯಾರಿಗಿಂತ ಅಂತ ಒಬ್ಬರಾದರೂ ಕೇಳಬೇಡವೇ? ಕೇಳುವ ಹುಡುಗಿಯನ್ನು ನಾನೇ ಎಂದೋ ಕೂರಿಸಿಬಿಟ್ಟಿದ್ದೆ. ಸಭೆಯ ನಡಾವಳಿಯಲ್ಲಿ ಕುಲಕರ್ಣಿಯವರು "ಶ್ರೀಯುತರು ಅನಿಲದ ಕುರಿತು ವಿದ್ವತ್ಪೂರ್ಣವಾಗಿ ಮಾತನಾಡಿದರು" ಅಂತ ಬರೆದುಕೊಂಡರು. ಏನು ಮಾತನಾಡಿದರು ಅಂತ ಬರೆದುಕೊಳ್ಳಲಿಲ್ಲ.

ಹಾಕುವ ಕೆಲಸ ಮುನಿರಾಜುಗೆ ಬಿತ್ತು. ಮುನಿರಾಜು ಹಳೇ ಕೊಡಿಗೇಹಳ್ಳಿಯವನೇ. ನಮ್ಮ ಅಪಾರ್ಟ್‌ಮೆಂಟಿನ ನಲ್ಲಿ, ಮೋಟರು, ಗೀಸರು, ಲಿಫ್ಟಿನ ಲೈಟು ಎಲ್ಲ ಅವನ ಕೈಯಲ್ಲೇ. ಪೈಪ್ ಗ್ಯಾಸಿನವರು ಕರೆದು ಎರಡು ದಿನ ಟ್ರೈನಿಂಗನ್ನೂ ಕೊಟ್ಟಿದ್ದರು. ಮೊದಲು ನಮ್ಮ ಮನೆಗೇ ಬಂದ. ಒಂದು ಕೈಯಲ್ಲಿ ಡ್ರಿಲ್ಲಿಂಗ್ ಮಿಷಿನ್ನು, ಇನ್ನೊಂದು ಕೈಯಲ್ಲಿ ಡಿಟೆಕ್ಟರು. ನಾನು ಕೆಳಗಡೆ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದೆ. ಅವನು ಗುರುತು ನೋಡಿದ. ಆಮೇಲೆ ಸೂರು ನೋಡಿದ.

"ಸಾ, ಈ ಗ್ಯಾಸು ಏಳ್ತದೆ ಸಾ" ಅಂದ.

ನನ್ನ ಕಿವಿ ತನ್ನ ಕೆಲಸ ಮಾಡಿತು. ಗ್ಯಾಸು ಹೇಳುತ್ತದೆ! ವಾಸನೆಯ ಮೂಲಕ ತಾನೇ ಹೇಳುತ್ತದೆ, ಇನ್ನು ಈ ಡಿಟೆಕ್ಟರು ಯಾಕೆ ಅಂತ ಕೇಳುತ್ತಿದ್ದಾನೆ. ಎಷ್ಟು ಚೆನ್ನಾಗಿ ಹೇಳಿದ ಅಂತ ಖುಷಿಯೂ ಆಯಿತು.

"ಏಳ್ತದೆ ಅಲ್ಲಪ್ಪ, ಹೇಳ್ತದೆ. ಹ. ಎಲ್ಲಿ, ಹೇಳು?"

ಅವನು ಡ್ರಿಲ್ಲಿಂಗ್ ಮಿಷಿನ್ನು ಕೆಳಗಿಟ್ಟ. "ಹೇಳ್ತದೆ" ಅಂದ. ಆಮೇಲೆ, "ಅಲ್ಲ ಸಾ, ಇದು ಸಿಲಿಂಡ್ರು ಗ್ಯಾಸಿನಂಗಲ್ಲ. ಇದು ಏಳ್ತದೆ" ಅಂದ.

"ಸಿಲಿಂಡರ್ ಗ್ಯಾಸೂ ಹೇಳ್ತದಪ್ಪ! ಎರಡೂ ಹೇಳ್ತವೆ."

"ಅದೂ ಏಳ್ತದಾ ಸಾ?"

"ಮತ್ತೆ ಏಳ್ತದೆ ಅಂತೀಯಲ್ಲೋ! ಹೇಳ್ತದೆ."

ಅವನು ಇನ್ನೊಮ್ಮೆ ಸೂರು ನೋಡಿದ. ಪಾಪ, ಹಕಾರ ಹುಡುಕುತ್ತಿದ್ದಾನೆ ಅಂದುಕೊಂಡೆ. "ಆಯ್ತು ಸಾ, ಓದ್ದೋರು ನೀವು" ಅಂದು ಕುಕ್ಕರಗಾಲಿನಲ್ಲಿ ಕೂತು ನನ್ನ ಗುರುತಿನ ಮೇಲೆ ಎರಡು ತೂತು ಕೊರೆದ. ಮಿಕ್ಕ ಮೂವತ್ತೊಂದು ಮನೆಗಳಲ್ಲೂ ಹಾಗೇ ಕೊರೆದ. ಹೋಗುವ ಮುಂಚೆ ಸುಮಿತ್ರನ ಹತ್ತಿರ ಬಹಳ ಹೊತ್ತು ಏನೋ ಮಾತಾಡುತ್ತಿದ್ದ. ನಾನು ಪೇಪರು ಓದುತ್ತಿದ್ದೆ.

ಎರಡು ತಿಂಗಳಾಗಿರಬೇಕು. ಬೆಳಗ್ಗೆ ಹನ್ನೊಂದರ ಹೊತ್ತು. ಸುಮಿತ್ರ ಸ್ಟೂಲು ಹತ್ತಿ ಅಡುಗೆಮನೆಯ ಅಟ್ಟದಿಂದ ಸಂಡಿಗೆ ಡಬ್ಬ ತೆಗೆಯುತ್ತಿದ್ದಳು. "ರೀ, ಬನ್ನಿ ಇಲ್ಲಿ! ಗ್ಯಾಸ್ ವಾಸನೆ!" ಅಂತ ಕೂಗಿದಳು.

ಹೋಗಿ ಗೋಡೆಯ ಬುಡದಲ್ಲಿ ಮಂಡಿಯೂರಿದೆ. ಡಿಟೆಕ್ಟರಿನ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು. ಮೂಗನ್ನು ನೆಲಕ್ಕೆ ತಾಗಿಸಿ ಎಳೆದುಕೊಂಡೆ. ಫಿನಾಯಿಲ್ ವಾಸನೆ ಬಿಟ್ಟರೆ ಬೇರೇನೂ ಇಲ್ಲ.

"ಇಲ್ಲೇನೂ ಇಲ್ಲ ಕಣೇ."

"ಇಲ್ಲಿದೆ ಕಣ್ರೀ! ಮೇಲೆ! ಮೂಗಿಗೆ ಹೊಡೀತಿದೆ!"

"ಮೇಲೆ ಹೆಂಗೆ ಬರುತ್ತೆ? ಎಂಟು ಪಟ್ಟು ಭಾರ ಇರೋದು. ಸೈನ್ಸ್ ಪ್ರಕಾರ ಇದ್ರೆ ಇಲ್ಲೇ ಇರ್ಬೇಕು."

"ನಾನಿಲ್ಲಿ ಗ್ಯಾಸ್ ಕುಡೀತಿದೀನಿ, ನೀವಲ್ಲಿ ಸೈನ್ಸ್ ನೆಕ್ತಿದೀರಾ!"

ಅವಳ ಸಮಾಧಾನಕ್ಕೆ ಅಂತ ನಾನು ಎದ್ದು, "ಇರು, ಎಕ್ಸಾಸ್ಟ್ ಫ್ಯಾನ್ ಹಾಕ್ತೀನಿ" ಅಂತ ಸ್ವಿಚ್ಚಿನ ಕಡೆ ಕೈ ಚಾಚಿದೆ. ಆಗ ಅವಳು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. "ಮುಟ್ಟಬೇಡಿ!" ಅಂದಳು. ಸ್ಟೂಲಿನಿಂದ ಧುಮುಕಿದಳು. ಸಂಡಿಗೆಯೆಲ್ಲ ನೆಲಕ್ಕೆ ಚೆಲ್ಲಿತು. ಪೈಪಿನ ವಾಲ್ವ್ ತಿರುಗಿಸಿ, ಕಿಟಕಿ ಬಾಗಿಲು ತೆಗೆದು, ನನ್ನ ಅಂಗಿ ಹಿಡಿದು ಕಾರಿಡಾರಿಗೆ ಎಳೆದುಕೊಂಡು ಬಂದಳು. ಮೆಟ್ಟಿಲಿಳಿದು ಕೆಳಗೆ ಬಂದ ಮೇಲೆ ಮುನಿರಾಜುಗೆ ಫೋನು ಮಾಡಿದಳು. ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟಬಾರದು, ಕಿಡಿ ಹಾರುತ್ತದೆ ಅಂತ ಅವತ್ತು ಅವನೇ ಅವಳಿಗೆ ಹೇಳಿಹೋಗಿದ್ದನಂತೆ. ಅವನು ಹೇಳಿದ್ದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ನಾನು ನನ್ನ ಕೈಯನ್ನು ನೋಡಿಕೊಂಡೆ, ಸ್ವಿಚ್ಚಿನ ಕಡೆ ಹೋಗಿದ್ದ ಬಲಗೈ. ಭಯ ಆಯಿತು ಸ್ವಾಮಿ, ಸುಳ್ಳೇಕೆ ಹೇಳಲಿ. ನನಗಿಂತ ಹೆಚ್ಚಾಗಿ, ಸ್ಟೂಲಿನ ಮೇಲೆ ನಿಂತಿದ್ದವಳನ್ನು ನೆನೆಸಿಕೊಂಡು ಭಯ ಆಯಿತು.

ಮುನಿರಾಜು ಬಂದು ಸೋಪಿನ ನೀರು ಹಚ್ಚಿದ. ಒಲೆಯ ರಬ್ಬರ್ ಪೈಪು ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ವಾಲ್ವನ್ನು ಒಂದಿಷ್ಟೇ ತಿರುಗಿಸಿದ, ಗುಳ್ಳೆ ಎದ್ದವು. ಮುಚ್ಚಿದ, ನಿಂತವು. ಪೈಪು ಬದಲಾಯಿಸಿ, ಕೈ ಒರೆಸಿಕೊಳ್ಳುತ್ತಾ ಬಹಳ ಮೆತ್ತಗೆ ಅಂದ:

"ಅವತ್ತೇ ಏಳಿದ್ದೆ ಅಲ್ವಾ ಸಾ, ಏಳ್ತದೆ ಅಂತ."

ಮೊದಲನೇ "ಏಳಿದ್ದೆ"ಗೆ ನನ್ನ ಕಿವಿ ಹಕಾರ ಅಂಟಿಸಿತು, ಸರಿಯಾಗೇ ಅಂಟಿಸಿತು. ಎರಡನೆಯದಕ್ಕೂ ಅಂಟಿಸಲು ಹೊರಟಿತ್ತು. ಅಷ್ಟರಲ್ಲಿ ಅವನು ಅಂಗೈಯನ್ನು ಮೇಲಕ್ಕೆ ಮಾಡಿ, ಒಲೆಯ ಹತ್ತಿರದಿಂದ ಸೂರಿನ ಕಡೆಗೆ ನಿಧಾನವಾಗಿ ಎತ್ತಿ ತೋರಿಸಿದ. ಏಳ್ತದೆ. ಮೇಲೇಳುತ್ತದೆ. ಅಯ್ಯೋ ನನ್ನ ಕರ್ಮವೇ ಅಂದುಕೊಂಡೆ. ಎಂಟು ಪಟ್ಟು ಭಾರ ಅಂದೆನಲ್ಲ, ಯಾರಿಗಿಂತ? ಹೈಡ್ರೋಜನ್ನಿಗಿಂತ. ನಮ್ಮ ಅಡುಗೆಮನೆಯಲ್ಲಿ ಹೈಡ್ರೋಜನ್ ತುಂಬಿದೆಯೇ? ತುಂಬಿರುವುದು ಗಾಳಿ. ಗಾಳಿ ಇಪ್ಪತ್ತೊಂಬತ್ತು, ಈ ಗ್ಯಾಸು ಹದಿನಾರು. ಹದಿನಾರು ಸೂರಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ? ಹಳೇ ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ಅದು ನೆಲಕ್ಕೆ ಕೂರುತ್ತಿತ್ತು. ಅದು ಏಳುವುದಿಲ್ಲ, ಇದು ಏಳುತ್ತದೆ ಅಂತ ಅವನು ಬಿಡಿಸಿ ಬಿಡಿಸಿ ಹೇಳಿದ್ದ. ಅವನು ಬಿಟ್ಟಿದ್ದು ಒಂದು ಹಕಾರ. ನಾನು ಬಿಟ್ಟಿದ್ದು ಇಡೀ ಹೈಡ್ರೋಜನ್.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಗುಂಪಿನಲ್ಲಿ ಹಬ್ಬಿತು. ಸುದ್ದಿಗೂ ಸಾಂದ್ರತೆ ಇದೆ, ಒಂದೊಂದು ಮಹಡಿ ಹತ್ತಿದ ಹಾಗೂ ಬದಲಾಗುತ್ತದೆ. ಮೊದಲ ಮಹಡಿಯಲ್ಲಿ "ಮೇಷ್ಟ್ರ ಮನೇಲಿ ಲೀಕ್" ಅಂತ ಇತ್ತು. ಎರಡನೆಯದರಲ್ಲಿ "ಮೇಷ್ಟ್ರು ಲೀಕ್ ಕಂಡುಹಿಡಿದರು" ಅಂತ ಆಯಿತು. ನಾಲ್ಕನೇ ಮಹಡಿಗೆ ಹೋಗುವಷ್ಟರಲ್ಲಿ "ಎಲ್ಲ ಡಿಟೆಕ್ಟರನ್ನೂ ಫಿಟ್ಟರ್ ತಪ್ಪಾಗಿ ಹಾಕಿದ್ದಾನೆಂದು ಮೇಷ್ಟ್ರು ಪತ್ತೆ ಮಾಡಿ ಮೂವತ್ತೆರಡು ಕುಟುಂಬಗಳನ್ನು ಉಳಿಸಿದರು" ಅಂತ ಆಗಿ, ಕೈ ಮುಗಿಯುವ ಚಿತ್ರಗಳು ಸಾಲುಗಟ್ಟಿದವು. ಸೆಕೆಂಡ್ ಫ್ಲೋರಿನ ಒಬ್ಬರು "ಇವರಿಗೆಲ್ಲ ಓದು ಬರಹ ಇರಲ್ಲ, ನಾವು ಹುಷಾರಾಗಿರಬೇಕು" ಅಂತ ಬರೆದರು. ಅವರೂ ಅವತ್ತು ಮುಂದಿನ ಸಾಲಿನಲ್ಲಿ ಕೂತು "ಎಂಟು" ಅಂದವರೇ.

ಸಂಜೆ ಕುಲಕರ್ಣಿಯವರು ಬಂದರು. "ಸರ, ಭಾನುವಾರ ಮೀಟಿಂಗಿನ್ಯಾಗ ನಿಮಗ ಶಾಲು ಹೊದಿಸಿ ಸನ್ಮಾನ ಮಾಡಬೇಕಂತ ಎಲ್ಲಾರೂ ಹೇಳ್ಯಾರ. ಹಣ್ಣಿನ ಬುಟ್ಟೀನೂ ಅದ. ಆ ಮುನಿರಾಜನ್ನ ಬಿಡಿಸಿ ಬ್ಯಾರೆ ಏಜೆನ್ಸಿಗೆ ಕೆಲಸ ಕೊಡೂಣು. ಹಿಂಗ ಜೀವದ ಜೋಡಿ ಆಟ ಆಡಿದ್ರ ಹೆಂಗ್ರೀ?"

ನಾನು ಏನು ಹೇಳಿದೆ ಗೊತ್ತೇ? "ನೋಡೋಣ" ಅಂದೆ. ತಪ್ಪು ನಂದೇ ಅನ್ನಲಿಲ್ಲ. ಅವರು ಹೋದ ಮೇಲೆ ಗುಂಪಿನಲ್ಲಿ ಬರೆಯೋಣ ಅಂತ ಫೋನು ತೆಗೆದುಕೊಂಡೆ. "ವಾಸ್ತವವಾಗಿ" ಅಂತ ಟೈಪ್ ಮಾಡಿದೆ, ಅಳಿಸಿದೆ. "ಸಣ್ಣದೊಂದು ಸ್ಪಷ್ಟೀಕರಣ" ಅಂತ ಟೈಪ್ ಮಾಡಿದೆ, ಅದನ್ನೂ ಅಳಿಸಿದೆ. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಬೇಕಾದ ಕನ್ನಡವನ್ನು ಹೊನ್ನಪ್ಪ ಮೇಷ್ಟ್ರು ಕಲಿಸಿರಲಿಲ್ಲ. ಹೀಗೆ ಎರಡು ದಿನ ಹೋಯಿತು. ಮುನಿರಾಜು ಕೆಳಗೆ ಮೋಟರು ಹಾಕಲು ಬಂದು ಹೋಗುತ್ತಿದ್ದ. ಅವನ ಸ್ಕೂಟರಿನ ಸದ್ದು ಕೇಳಿದರೆ ಬಾಲ್ಕನಿಯಿಂದ ಒಳಗೆ ಬರುತ್ತಿದ್ದೆ.

ಮೂರನೇ ದಿನ ಸುಮಿತ್ರ ತಟ್ಟೆಗೆ ಉಪ್ಪಿಟ್ಟು ಹಾಕುತ್ತಾ, "ಅವನನ್ನೂ ಬಾಯಿ ಮುಚ್ಚಿಸಿಬಿಟ್ರಿ, ಅಲ್ವಾ?" ಅಂದಳು.

"ಅವನನ್ನೂ ಅಂದ್ರೆ? ಇನ್ಯಾರ ಬಾಯಿ ಮುಚ್ಚಿಸಿದೀನಿ ನಾನು?"

"ಅತ್ತೇದು."

"ಅವ್ವಂದಾ? ಅವ್ವ ತಾನೇ ತಿದ್ಕೊಂಡ್ಳು. ಆಮೇಲೆ ಒಂದು ದಿನಾನಾದ್ರೂ ಹಕಾರ ತಪ್ಪಿದ್ದು ಕೇಳಿದೀಯಾ ನೀನು?"

ಸುಮಿತ್ರ ಸೌಟು ಕೆಳಗಿಟ್ಟಳು. "ತಪ್ಪೋಕೆ ಅವರು ಆಡಿದ್ರೆ ತಾನೇ? ನಿಮ್ಮೆದುರಿಗೆ ಅವರು ಹ ಇರೋ ಮಾತೇ ಆಡ್ತಿರಲಿಲ್ಲ. ಗೊತ್ತಿಲ್ವಾ ನಿಮಗೆ? ನೀವು ಮನೇಲಿದ್ರೆ 'ಲೋಟ ತಗೋ' ಅನ್ನೋರು, ಹಾಲು ಅಂತಿರಲಿಲ್ಲ. ಹೂವು ಅನ್ನೋ ಬದಲು ಮಲ್ಲಿಗೆ ಅನ್ನೋರು. ಹಸೂನ ಗೌರಿ ಅನ್ನೋರು. ನೀವು ಕಾಲೇಜಿಗೆ ಹೋದ ಮೇಲೆ ನನ್ನ ಹತ್ರ ಆಲು, ಊವು, ಅಸು ಅಂತ ಬಾಯಿ ತುಂಬ ಮಾತಾಡೋರು. ಒಂದಿನ ಕೇಳಿದೆ, ಯಾಕತ್ತೆ ಅಂತ. 'ಅವ್ನಿಗೆ ನಾಚ್ಕೆ ಆಯ್ತದೆ ಕಣವ್ವ' ಅಂದ್ರು."

ಇಪ್ಪತ್ತು ವರ್ಷ ಅವ್ವ ನನ್ನನ್ನು "ಮಗಾ" ಅಂತ ಮಾತ್ರ ಕರೆದಳು. ವಯಸ್ಸಾದ ಹಾಗೆ ಪ್ರೀತಿ ಜಾಸ್ತಿ ಆಗಿದೆ ಅಂದುಕೊಂಡಿದ್ದೆ. ಹಿತ್ತಲಿನಿಂದ ಕೇಳುತ್ತಿದ್ದ ಆ ಕೂಗು ಯಾವತ್ತು ನಿಂತಿತು ಅಂತ ನಾನು ಲೆಕ್ಕವೇ ಇಟ್ಟಿರಲಿಲ್ಲ. ತಾನು ಇಟ್ಟ ಹೆಸರನ್ನು ತಾನೇ ಕೂಗದ ಹಾಗೆ ಮಾಡಿದ್ದೆ ಅವಳನ್ನು. ಅವತ್ತು ನನಗೆ ಅಳು ಬಂತು. ಸುಮಿತ್ರ ಸಮಾಧಾನ ಮಾಡಲಿಲ್ಲ, ಇನ್ನೊಂದು ಸೌಟು ಉಪ್ಪಿಟ್ಟು ಹಾಕಿ ಒಳಗೆ ಹೋದಳು.

ಭಾನುವಾರ ಪಾರ್ಕಿಂಗಿನಲ್ಲಿ ಅವೇ ಕುರ್ಚಿಗಳು, ಅದೇ ಮೈಕು. ಮೇಜಿನ ಮೇಲೆ ಕವರು ಬಿಚ್ಚದ ಶಾಲು, ಹಣ್ಣಿನ ಬುಟ್ಟಿ. ಮುನಿರಾಜುವನ್ನೂ ಕರೆಸಿದ್ದರು. ಅವನು ಒಂದು ಕಾರಿನ ಪಕ್ಕ ಕೈ ಕಟ್ಟಿಕೊಂಡು ನಿಂತಿದ್ದ. ಕುಲಕರ್ಣಿಯವರು ನನ್ನ ಬಗ್ಗೆ ಹೇಳುತ್ತಾ ಹೋದರು. ಶಾಲು ಬಿಚ್ಚುವ ಮುಂಚೆ ನಾನು ಮೈಕು ಕಿತ್ತುಕೊಂಡೆ.

ಶುದ್ಧವಾದ ನಾಲ್ಕು ವಾಕ್ಯ ಬರೆದುಕೊಂಡು ಬಂದಿದ್ದೆ. ಚೀಟಿ ಜೇಬಿನಲ್ಲೇ ಉಳಿಯಿತು. ಬಾಯಿಗೆ ಬಂದದ್ದು ಇಷ್ಟು: "ಡಿಟೆಕ್ಟರ್ ಕೆಳಗೆ ಹಾಕ್ಸಿದ್ದು ನಾನು. ಲೆಕ್ಕ ತಪ್ಪಿದ್ದು ನಾನು. ಈ ಗ್ಯಾಸು ಗಾಳಿಗಿಂತ ಹಗುರ. ಮೇಲಕ್ಕೆ ಏಳ್ತದೆ. ಮುನಿರಾಜು ಅವತ್ತೇ ಏಳಿದ್ದ. ನಾನು ಕೇಳಿಸ್ಕೊಳ್ಳಲಿಲ್ಲ."

ಮೈಕು ಕುಯ್ಯೋ ಅಂದಿತು. ನಡಾವಳಿ ಬರೆಯುತ್ತಿದ್ದ ಕುಲಕರ್ಣಿಯವರು ಪೆನ್ನು ಎತ್ತಿ ಹಿಡಿದು, "ಸರ, ಏಳಿದ್ದ ಅಂತ ಬರೀಲ್ಯೋ, ಹೇಳಿದ್ದ ಅಂತ ಬರೀಲ್ಯೋ?" ಅಂತ ಕೇಳಿದರು.

"ಹೆಂಗೆ ಕೇಳಿಸ್ತೋ ಹಂಗೆ ಬರ್ಕೊಳ್ಳಿ ಕಣ್ರೀ" ಅಂದೆ.

ಕೆಲಸ ಮುನಿರಾಜುಗೇ ಉಳಿಯಿತು. ಶಾಲಿನದು ಮಾತ್ರ ಸಮಸ್ಯೆ ಆಯಿತು. ಅಂಗಡಿಯವನು ವಾಪಸು ತೆಗೆದುಕೊಳ್ಳುವುದಿಲ್ಲ ಅಂದಿದ್ದನಂತೆ. ಮುನಿರಾಜುಗೇ ಹೊದಿಸಿ ಅಂತ ನಾನು ಹೇಳಿದೆ. ಫಿಟ್ಟರಿಗೆ ಸನ್ಮಾನ ಮಾಡಿದ ಉದಾಹರಣೆ ಬೈಲಾದಲ್ಲಿ ಇಲ್ಲ ಅಂತ ಯಾರೋ ಅಂದರು. ಅರ್ಧ ಗಂಟೆ ಚರ್ಚೆ ನಡೆದು, ಒಂದು ವರ್ಷ ಯಶಸ್ವಿಯಾಗಿ ಪೂರೈಸಿದ್ದಕ್ಕಾಗಿ ಅಸೋಸಿಯೇಷನ್ನಿನ ಅಧ್ಯಕ್ಷರಿಗೆ ಹೊದಿಸಿದರು. ಹಣ್ಣಿನ ಬುಟ್ಟಿ ಅಷ್ಟರಲ್ಲಾಗಲೇ ಮಕ್ಕಳ ಕೈಗೆ ಸಿಕ್ಕಿ ಖಾಲಿಯಾಗಿತ್ತು.

ಮಾರನೇ ದಿನ ಮುನಿರಾಜು ಮತ್ತೆ ನಮ್ಮ ಮನೆಯಿಂದಲೇ ಶುರು ಮಾಡಿದ. ಸುಮಿತ್ರ ನಿಂತಿದ್ದ ಅದೇ ಸ್ಟೂಲು ಹತ್ತಿ, ಸೂರಿನಿಂದ ಒಂದು ಗೇಣು ಕೆಳಗೆ ಡಿಟೆಕ್ಟರ್ ಹಾಕಿದ. ಕೆಳಗಿನ ತೂತುಗಳಿಗೆ ಪುಟ್ಟಿ ಮೆತ್ತಿದ. ಅವನಿಗೆ ಹಾಲು ಕಾಯಿಸಿ ಕಾಫಿ ಮಾಡಿಕೊಟ್ಟವನು ನಾನೇ. ಅವನು ನಿಂತೇ ಕುಡಿದು, ಜೇಬಿನಿಂದ ಒಂದು ಕಾರ್ಡು ತೆಗೆದ. ಯಾವಾಗ ಹಾಕಿದ್ದು, ಯಾರ ಮನೆ ಅಂತ ಬರೆದು ಡಿಟೆಕ್ಟರಿನ ಪಕ್ಕ ಅಂಟಿಸಬೇಕಂತೆ.

"ಎಸ್ರು ಏಳಿ ಸಾ."

ಹೇಳಿದೆ. ಅವನು ಕಾರ್ಡನ್ನು ಫ್ರಿಜ್ಜಿನ ಮೇಲಿಟ್ಟುಕೊಂಡು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬರೆದ. ಬಗ್ಗಿ ನೋಡಿದೆ. ಹನುಮಂತರಾಯಪ್ಪ. ಗುಂಡಗೆ, ಒಂದು ತಪ್ಪೂ ಇಲ್ಲದೆ, ಹೊನ್ನಪ್ಪ ಮೇಷ್ಟ್ರು ನೋಡಿದ್ದರೆ ಬೆನ್ನು ತಟ್ಟುವಂಥ ಹಕಾರ. ಬರೆದು ಮುಗಿಸಿ, ಸರಿಯಾಗಿದೆಯೋ ಇಲ್ಲವೋ ಅಂತ ಗಟ್ಟಿಯಾಗಿ ಓದಿದ.

"ಅನ್ಮಂತ್ರಾಯಪ್ಪ. ಸರೀನಾ ಸಾ?"

ಸಿಂಕಿನ ಹತ್ತಿರ ಸುಮಿತ್ರ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ನಾನು ಬಾಯಿ ತೆರೆದರೆ ಏನು ಬರುತ್ತದೆ ಅಂತ ಕಾಯುತ್ತಿದ್ದಳು.

"ಇನ್ನೊಂದ್ಸಲ ಓದಪ್ಪ" ಅಂದೆ.

ಓದಿದ.

"ಸರಿಯಾಗೈತೆ" ಅಂದೆ.